ಐಸಿಗೆ ಕೊಟ್ಟ ಇಟ್ಟಿಗೆ

ಮುನಿಯಪ್ಪನ ಮೂಗು ಸದಾ ಸುಕ್ಕುಗಟ್ಟಿಕೊಂಡೇ ಇರುತ್ತಿತ್ತು, ಎದುರಿಗೆ ನಿಂತವರೆಲ್ಲ ಕೊಳೆತ ಮೀನೇನೋ ಅನ್ನುವ ಹಾಗೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಅವನದು ಐಸಿನ ವ್ಯಾಪಾರ. ಪಕ್ಕದಲ್ಲೇ ನನ್ನ ಸೊಪ್ಪಿನ ಗೋಣಿ. ಹಲಗೆ ಮೇಲೆ ಐಸ್ ಗಡ್ಡೆ ಇಟ್ಟು, ಕುಟ್ಟಿ, ಮೀನಿನವರಿಗೆ ಕೊಡುತ್ತಿದ್ದ. ಯಾರು ಏನೇ ಹೇಳಲಿ, "ಥೂ, ನಿಂಗೇನ್ ಗೊತ್ತು?" ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವಷ್ಟು ಬುದ್ಧಿ ನನಗಿದೆ. ಅವನಿಗೆ ಅದೂ ಇರಲಿಲ್ಲ.

ನನ್ನ ಮೊಮ್ಮಗಳು ಭವ್ಯ ಇದ್ದಾಳಲ್ಲ, ಅವಳ ಹೆಸರು ಹೇಳಿದರೇ ನನಗೆ ಹೊಟ್ಟೆ ತುಂಬುತ್ತದೆ. ಇಡೀ ಶಾಲೆಯ ಮುಂದೆ ಹಿಮನದಿಯ ಬಗ್ಗೆ ಮಾತಾಡಲು ಟೀಚರು ಅವಳನ್ನೇ ಆರಿಸಿದ್ದರು. ನನ್ನ ಗೋಣಿ ಪಕ್ಕ ಕೂತು ಅಭ್ಯಾಸ ಮಾಡುತ್ತಿದ್ದಳು. ಎತ್ತರದ ಬೆಟ್ಟದಲ್ಲಿ ಮಂಜಿನ ಮೇಲೆ ಮಂಜು ಬೀಳುತ್ತದಂತೆ, ಕರಗುವುದಕ್ಕಿಂತ ಹೆಚ್ಚು, ವರ್ಷಗಟ್ಟಲೆ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿ ಒತ್ತಿ ಗಟ್ಟಿ ಐಸಾಗುತ್ತದಂತೆ. ಆಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ನಿಧಾನಕ್ಕೆ ಹೊರಡುತ್ತದಂತೆ, ಬಂಡೆ ಉಜ್ಜುತ್ತ, ಕಲ್ಲು ಹೊತ್ತುಕೊಂಡು. ಸಡಿಲವಾಗಿ ತೊಳಸಿದ ಮುದ್ದೆ ತಟ್ಟೆಯಲ್ಲಿ ಹರಡಿಕೊಳ್ಳುವ ಹಾಗೆ ಒಳಗೊಳಗೇ ಜರುಗುತ್ತದೆ, ಅಡಿಯಲ್ಲಿ ನೀರಾದರೆ ಜಾರುತ್ತದೆ. ಮುದ್ದೆಯ ಮಾತು ನಾನು ಹೇಳಿಕೊಟ್ಟದ್ದು.

ಮುನಿಯಪ್ಪ ಕೇಳಿಸಿಕೊಂಡ. "ಐಸು ನಡೀತದಾ? ಕಾಲೈತೇನಮ್ಮಿ ಅದ್ಕೆ? ನಲ್ವತ್ತು ವರ್ಸದಿಂದ ಕುಟ್ತಿವ್ನಿ, ಒಂದಿನಾನೂ ನಡೀಲಿಲ್ಲ."

ಮೀನಿನವರೆಲ್ಲ ನಕ್ಕರು. ಮಗು ಕಾಗದ ಮಡಚಿಟ್ಟಳು. "ಅಜ್ಜಿ, ನಾನ್ ಓಗಲ್ಲ. ಅಲ್ಲೂ ಇಂಗೇ ನಗ್ತಾರೆ."

ಎರಡು ದಿನ ಆ ಕಾಗದ ಬಿಚ್ಚಲಿಲ್ಲ. ಮುನಿಯಪ್ಪನ ಹಲಗೆಯನ್ನೇ ನೋಡುತ್ತ ಕೂತಳು. ನೀರು ಮೋರಿಗೆ ಹೋಗಲೆಂದು ಅವನು ಹಲಗೆಯನ್ನು ವಾಲಿಸಿ ಇಟ್ಟಿದ್ದ. ಗಡ್ಡೆ ಇಟ್ಟ ಕೂಡಲೇ ಅದರ ಕೆಳಮಗ್ಗುಲಿಗೆ ಒಂದು ಇಟ್ಟಿಗೆ ಅಡ್ಡ ಕೊಡುತ್ತಿದ್ದ. ನಾವೆಲ್ಲ ದಿನಾ ನೋಡಿದ್ದೇ. ಮೂರನೆಯ ದಿನ ಭವ್ಯ ಕೇಳಿದಳು: "ತಾತ, ಐಸು ನಡಿಯಲ್ಲ ಅಂದ್ರೆ ಇಟ್ಟಿಗೆ ಯಾಕಿಕ್ತೀಯ?"

ಮೀನಿನವರು ಮತ್ತೆ ನಕ್ಕರು, ಈ ಸಲ ಅವನ ಕಡೆ ತಿರುಗಿ. ಆ ಮೂರ್ಖ ರೋಷಕ್ಕೆ ಇಟ್ಟಿಗೆಯನ್ನು ಒದ್ದ. ವೀಳ್ಯದೆಲೆ ಮಡಿಸುವಷ್ಟು ಹೊತ್ತು ಗಡ್ಡೆ ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಹೊರಟು, ಹಲಗೆ ದಾಟಿ, ಮೋರಿಗೆ ಬಿತ್ತು. ಅದನ್ನೇ ನೋಡುತ್ತ ಮುನಿಯಪ್ಪ ಥೂ ಅಂದ.

ಭವ್ಯ ಶಾಲೆಯಲ್ಲಿ ಮಾತಾಡಿದಳು. ಹಿಂದೆ ನಿಂತಿದ್ದ ನನಗೆ ಚಪ್ಪಾಳೆ ಕೇಳಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರನೆಯ ದಿನ ಮುನಿಯಪ್ಪ ಮೂಗು ಸುಕ್ಕಿಸಿಕೊಂಡೇ ವಿಚಾರಿಸಿದ, ಇಟ್ಟಿಗೆಯ ಸಂಗತಿ ಹೇಳಿದಳಾ ಅಂತ. ಹೇಳಿದಳು ಅಂದೆ.

"ನನ್ನೆಸ್ರು?"

"ನಿನ್ನೆಸ್ರು ಯಾಕ್ ಏಳ್ತಾಳೆ?"

"ಥೂ, ನಿಮ್ಗೇನ್ ಗೊತ್ತು," ಅಂದು ಆ ಕಡೆ ತಿರುಗಿ ಐಸು ಕುಟ್ಟಿದ. ಅದೇ ಕೊನೆಯ ಮಾತು. ಆ ವಾರ ಜ್ವರ ಬಂದು ಮಲಗಿದವನು ಏಳಲಿಲ್ಲ.

ಹಲಗೆ ಇನ್ನೂ ಅಲ್ಲೇ ವಾಲಿಕೊಂಡಿದೆ. ಗೋಣಿ ಹಾರದಿರಲೆಂದು ಆ ಇಟ್ಟಿಗೆ ತೆಗೆದುಕೊಳ್ಳಲು ಹೋದೆ. ಅದು ಮುನಿಯಪ್ಪ ತಾತನದು ಅಂತ ಭವ್ಯ ನನ್ನ ಕೈ ಹಿಡಿದಳು.