ಮೇರಕ್ಕನ ಹರಕೆಯ ಪುಳಿಯೋಗರೆ

ಯಳಂದೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟವರು ಇಬ್ಬರು, ನಾನು ಮತ್ತು ನಮ್ಮ ಚರ್ಚಿನ ಮೇರಕ್ಕ. ಜೊತೆಗೆ ಪುಳಿಯೋಗರೆ ತುಂಬಿದ ದೊಡ್ಡ ಪಾತ್ರೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು ಪಾತ್ರೆಗೂ ಲಗೇಜ್ ಟಿಕೆಟ್ ಹರಿದ. ಆದರೂ ಹನೂರಿನವರೆಗೆ ಅದು ಕುಳಿತದ್ದು ನನ್ನ ತೊಡೆಯ ಮೇಲೆ.

ಮೇರಕ್ಕನ ಮಗಳು ತುಂಬು ಬಸುರಿ. ಹಿಂದೆ ಎರಡು ಮಕ್ಕಳು ಉಳಿದಿರಲಿಲ್ಲ. ಈ ಸಲವಾದರೂ ಮಗು ಉಳಿಯಲೆಂದು ಮೇರಕ್ಕ ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದಳು: ಮಂಗಳವಾರ ಮಧ್ಯಾಹ್ನದೊಳಗೆ ಹಸಿದವರಿಗೆ ಕೈಯಾರೆ ಬಡಿಸುವುದು. ಅವಳ ಸಂಕಟ ನನಗೂ ಗೊತ್ತು. ಆದರೆ ಯಳಂದೂರಿನಲ್ಲಿ ಹಸಿದವರಿಲ್ಲವೇ?

"ಪಕ್ಕದೋರ್ಗೆ ಇಕ್ಕುದ್ರೆ ಅದೇನ್ ದೊಡ್ದು? ದೂರ ಓದಷ್ಟೂ ಪುಣ್ಯ ಕಣವ್ವ" ಎಂದಳು.

ಹನೂರಿನಲ್ಲಿ ಟೀ ಕುಡಿಯಲೂ ಬಿಡದೆ ಬಂಡಳ್ಳಿ ಬಸ್ಸು ಹತ್ತಿಸಿದಳು. ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ರಾಗಿ ಕುಯ್ಲಿನ ಕಾಲ, ಮನೆಗಳಿಗೆಲ್ಲ ಬೀಗ. ಎದುರಾದ ಒಬ್ಬಿಬ್ಬರು "ಈಗ್ತಾನೆ ಉಂಡ್ವಿ" ಎಂದು ನಡೆದೇಬಿಟ್ಟರು. ಜನರ ಹೊಟ್ಟೆ ತುಂಬಿದೆಯೆಂದು ಮೇರಕ್ಕನಿಗೆ ಅಳುವೇ ಬಂತು. ನನಗೆ ಮೈಯೆಲ್ಲ ಉರಿಯಿತು. ತನ್ನ ಕೆಲಸವಾಗಲಿ ಎಂದು ಇನ್ನೊಬ್ಬರ ಹಸಿವು ಹುಡುಕುತ್ತ ಅಲೆಯುವುದೂ ಸೇವೆಯೇ?

ಕೊನೆಗೆ ಒಂದು ಜಗಲಿಯಲ್ಲಿ ಅಜ್ಜಿಯೊಬ್ಬಳು ಸಿಕ್ಕಳು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮೇರಕ್ಕ ಓಡಿಹೋಗಿ ಎಲೆ ಹಾಸಿದಳು.

"ಮುದ್ದೆ ಉಂಡಿವ್ನಿ, ಅನ್ನ ಬ್ಯಾಡ" ಎಂದಳು ಅಜ್ಜಿ. "ಒಸಿ ಉಗುರು ಕತ್ರಿಸ್ಕೊಡು. ಸೊಸೆ ಒಲಕ್ಕೆ ಓಗವ್ಳೆ. ಕೆರ್ಕಂಡು ಕೆರ್ಕಂಡು ಮೈಯೆಲ್ಲ ಗಾಯ."

"ಎಲ್ಡು ತುತ್ತು ಉಣ್ಣಜ್ಜಿ, ನನ್ ಅರಕೆ ಅದೆ."

"ನಿನ್ ಅರಕೆಗೆ ನನ್ ಒಟ್ಟೆ ಯಾಕವ್ವ ಬೇಕು?"

ನಾನು ರೇಗಿಬಿಟ್ಟೆ. "ಅಜ್ಜಿ ಕೇಳಿದ್ದು ಮಾಡಕ್ಕ, ಇಲ್ಲ ಪಾತ್ರೆ ಎತ್ತು, ಹೋಗೋಣ!"

"ಒತ್ತು ಮೀರ್ತದೆ ಕಣೇ, ನನ್ ಮಗಳು..." ಎಂದವಳು ಅಜ್ಜಿಯ ತೋಳಿನ ಗಾಯ ನೋಡಿ ಹಾಸಿದ ಎಲೆ ಮಡಚಿಟ್ಟಳು. ನನ್ನನ್ನು ಅಂಗಡಿಗೆ ಅಟ್ಟಿ ಬ್ಲೇಡು ತರಿಸಿದಳು. ಬೆರಳುಗಳನ್ನು ನೀರಿನಲ್ಲಿ ನೆನೆಸಿ, ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ಕತ್ತರಿಸತೊಡಗಿದಳು. ಮಧ್ಯಾಹ್ನ ದಾಟಿತೆಂದು ನಾನೇ ನೆನಪಿಸಿದೆ. ಅವಳು "ಅಲ್ಲಾಡ್ಬ್ಯಾಡ" ಎಂದು ಅಜ್ಜಿಯನ್ನು ಗದರಿದಳು.

ಪುಳಿಯೋಗರೆಯನ್ನು ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನಾವೇ ತಿಂದೆವು. ಆ ದಿನ ಹಸಿದವರು ನಾವಿಬ್ಬರೇ! ಕೊಳ್ಳೇಗಾಲ ದಾಟುವವರೆಗೂ ಮೇರಕ್ಕ ಜಪಮಾಲೆ ಹಿಡಿದು ಕುಳಿತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಬರೋ ಮಂಗಳವಾರನೂ ಬಂಡಳ್ಳಿಗೆ ಬತ್ತೀಯಾ?" ಎಂದಳು.

"ಹರಕೆ ತೀರಿಸೋಕೆ ಮತ್ತೆ ಅಷ್ಟು ದೂರವೇ?" ನಾನು ತಲೆ ಚಚ್ಚಿಕೊಂಡೆ.

"ಅರಕೆ ಊರಲ್ಲೇ ತೀರಿಸ್ತೀನಿ ಬುಡು. ಅಜ್ಜಿ ಕಾಲುಗುರು ಅಂಗೇ ಉಳ್ಕಂಡವೆ."