ಕೊಡ ಕೇಳಿದ ಭಜನೆ

ಹೋದ ವಾರ ನೀವು ಮಧ್ಯಾಹ್ನದ ಹೊತ್ತಿಗೆ ನಿಪ್ಪಾಣಿಯ ನಮ್ಮ ಮನೆಗೆ ಬಂದಿದ್ದರೆ ಒಂದು ತಮಾಷೆ ನೋಡುತ್ತಿದ್ದಿರಿ. ನಡುಮನೆಯಲ್ಲಿ ಸಣ್ಣದೊಂದು ತಾಮ್ರದ ಕೊಡ ಬೋರಲಾಗಿ ಕೂತು, ತಲೆಗೆ ಕರಿಯ ಹೆಡ್‌ಫೋನ್ ಏರಿಸಿಕೊಂಡು ಭಜನೆ ಕೇಳುತ್ತಿತ್ತು. ಮೊದಲು ದಿಂಬಿಗೆ ಹಾಕಿ ನೋಡಿದೆ, ಜಾರಿತು. ತೆಂಗಿನಕಾಯಿ ತೀರ ಸಣ್ಣದಾಯಿತು. ಕಡೆಗೆ ದೇವರ ಕೋಣೆಯ ಈ ಕೊಡವೇ ನಮ್ಮೆಲ್ಲರಿಗಿಂತ ಶ್ರದ್ಧೆಯ ಶ್ರೋತೃವಾಗಿ ಸಿಕ್ಕಿತು. ಹೊಸ ರೆಕ್ಸಿನ್ನಿನ ವಾಸನೆ ಮನೆಯ ತುಂಬ ಆಡುತ್ತಿತ್ತು.

ಹೆಡ್‌ಫೋನ್ ತಂದದ್ದು ಕೊಡಕ್ಕಲ್ಲ, ನಮ್ಮ ಅತ್ತೆಗೆ. ಈ ಮನೆಯ ಮಾತು ಮರಾಠಿಯಾದ್ದರಿಂದ ಅವರನ್ನು ನಾನು ಕರೆಯುವುದು ಆತ್ಯಾಬಾಯಿ ಎಂದು. ನಾಲ್ಕೈದು ವರ್ಷಗಳಿಂದ ಅವರಿಗೆ ಕಿವಿ ಮಂದವಾಗುತ್ತ ಬಂತು. ಕಿವಿಯ ಹಿಂದೆ ಸಿಕ್ಕಿಸುವ ಮಷೀನು ತಂದೆವು. ಕಿವಿಯಲ್ಲಿ ಜಿರಳೆ ಹೊಕ್ಕ ಹಾಗಾಗುತ್ತದೆ ಎಂದು ಅದನ್ನು ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟರು. ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ ಅನ್ನುವುದುಂಟು. ನಮ್ಮ ಆತ್ಯಾಬಾಯಿ ಮಾತ್ರ ಮಾತನ್ನೇ ಕಡಿಮೆ ಮಾಡಿದರು. ನಾವೂ ಸನ್ನೆ ಕಲಿತೆವು. ಚಹಾಕ್ಕೆ ಹೆಬ್ಬೆರಳು, ಊಟಕ್ಕೆ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ, ಗುಳಿಗೆಗೆ ಅಂಗೈ. ಮನೆಯೊಳಗೆ ಒಂದು ಶಾಂತಿ ಬಂತು. ನಿಜ ಹೇಳಲೇ? ಆ ಶಾಂತಿ ನನಗೆ ಬೇಡವಾಗಿತ್ತು. ಅವರ ಧ್ವನಿ ನನಗೆ ವಾಪಸ್ಸು ಬೇಕಾಗಿತ್ತು.

ಹೆಡ್‌ಫೋನಿನಲ್ಲಿ ಭಜನೆಯಾದರೂ ಕೇಳಿಸಲಿ, ಕೇಳಿಸಿದರೆ ಬಾಯಿ ಬಿಟ್ಟಾರು ಎಂಬ ಆಸೆಯಿಂದ ಇಮ್ತಿಯಾಜನ ಮೊಬೈಲ್ ಅಂಗಡಿಗೆ ಹೋದೆ. ಒಂದು ಕಾಲಕ್ಕೆ ನನ್ನ ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತವನು. ತಂದ ದಿನವೇ ಆತ್ಯಾಬಾಯಿಯ ಕಿವಿಗೆ ಹಾಕಿದೆ. ಎರಡು ನಿಮಿಷ ಕೇಳಿದರು. “ಪತ್ರಾ!” ಎಂದರು. ತಗಡು ಬಡಿದ ಹಾಗಿದೆ ಎಂದರ್ಥ. ತೆಗೆದು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ನಾನೂ ಕೇಳಿದೆ. ತಾಳದ ಸದ್ದು ಹಲ್ಲಿಗೆ ತಾಗುತ್ತಿತ್ತು. ಮರುದಿನ ಅಂಗಡಿಗೆ ಹೋದರೆ ಇಮ್ತಿಯಾಜ್ ನಕ್ಕ.

“ಅಕ್ಕೋರ, ಹೊಸಾದಲ್ರೀ ಅದು. ಇನ್ನಾ ಬಿಗಿ ಐತಿ. ಒಂದ್ ವಾರ ಸಣ್ಣಗ ಹಚ್ಚಿಡ್ರಿ, ತಾನ ಬಿಚ್ಚತೈತಿ. ಆಮ್ಯಾಲೂ ಬ್ಯಾಡಾತಂದ್ರ ತಂದ ಕೊಡ್ರಿ, ನಾ ತಗೋತೀನಿ.”

ಹೀಗೆ ಶುರುವಾಯಿತು ಕೊಡದ ಭಜನಾ ಸಪ್ತಾಹ.

ನಮ್ಮವರಿಗೆ ಇದೊಂದರಲ್ಲೂ ನಂಬಿಕೆಯಿಲ್ಲ. ಅವರು ನೀರೆತ್ತುವ ಮೋಟರುಗಳ ತಂತಿ ಸುತ್ತಿ ಆಯುಷ್ಯ ಕಳೆದವರು, ಅಳೆಯಲು ಬಾರದ್ದನ್ನು ಒಪ್ಪುವವರಲ್ಲ. ಕೊಡದ ಮುಂದೆ ಚಹಾದ ಕಪ್ಪು-ಬಸಿ ಹಿಡಿದು ನಿಂತು, “ಹೊಸಾ ಬೇರಿಂಗ್ ಓಡಿ ಓಡಿ ಹದಕ್ಕ ಬರತೈತಿ, ಖರೆ. ಇದರಾಗ ಏನೈತಿ? ಹಾಳಿಯಷ್ಟ ತೆಳ್ಳಂದೊಂದ ಪರದೆ. ಅದೇನ ಬದಲಾಗಂಗಿಲ್ಲ. ನಮ್ಮ ಕಿವಿ ಒಗ್ಗತಾವ, ಅಷ್ಟ” ಎಂದರು.

“ನಮ್ಮ ಕಿವಿ ಎಲ್ಲಿ ಐತ್ರಿ ಇದರಾಗ? ಕೊಡ ಕೇಳಾಕತ್ತೈತಿ” ಎಂದೆ.

“ಹಂಗಂದ್ರ ಕೊಡಕ್ಕ ಒಗ್ಗತೈತಿ” ಎಂದು ಚಹಾ ಸುರ್ರನೆ ಹೀರಿಕೊಂಡು ಹೋದರು.

ಮಧ್ಯಾಹ್ನದ ನಿದ್ದೆ ನನಗೆ ಪೂರ್ತಿ ಹತ್ತುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಚಾಪೆಯ ಮೇಲೆ ಅಡ್ಡಾದರೆ ಕೊಡದ ಕಡೆಯಿಂದ ಇರುವೆಗಳು ಕೂಡಿ ಹಾಡಿದಂಥ ಸಣ್ಣ ಸದ್ದು. ಅದನ್ನೇ ಕೇಳುತ್ತ ಕೇಳುತ್ತ ನಾನು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದೆ. ಹೆಚ್ಚಾಗಿ ಹೋಗುತ್ತಿದ್ದದ್ದು ಈ ಮನೆಗೆ ಬಂದ ಮೊದಲ ವರ್ಷಕ್ಕೆ.

ನನ್ನ ತವರು ಅಥಣಿಯ ಆಚೆಯ ಅನಂತಪುರ. ಅಲ್ಲಿ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವುದೇ ರೂಢಿ. ಅಪ್ಪ ಎಮ್ಮೆಗೂ ಗುಟ್ಟು ಹೇಳಿದ ಹಾಗೆ ಹೇಳುತ್ತಿದ್ದರು. ಅಂಥಲ್ಲಿಂದ ಬಂದವಳಿಗೆ ಆತ್ಯಾಬಾಯಿಯ ಧ್ವನಿ! ಹೊಸ್ತಿಲು ದಾಟಿ ಇನ್ನೂ ಒಳಗೆ ಕಾಲಿಟ್ಟಿಲ್ಲ, ಅಡಿಗೆಮನೆಯಿಂದ ಏನನ್ನೋ ಕೂಗಿದರು. ಏನು ತಪ್ಪಾಯಿತೋ ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ನಮ್ಮವರು ಪಕ್ಕದಲ್ಲಿ ಬಗ್ಗಿ, “ಪ್ರವಾಸದಾಗ ದಣದಿಯೇನ, ನೀರ ಬೇಕೇನ ಅಂತ ಕೇಳಾಕತ್ತಾಳ” ಎಂದರು. ಅಷ್ಟು ಅಕ್ಕರೆಯ ಮಾತಿಗೆ ಅಷ್ಟು ಜೋರು ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ತಿಳಿದದ್ದು ಆಮೇಲೆ. ಆತ್ಯಾಬಾಯಿ ಹರೆಯದಲ್ಲಿ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಜರಡಿ ಹಿಡಿಯುವ ಹೆಂಗಸರೆಲ್ಲ ಘಾಟು ತಡೆಯಲು ಮೂಗು ಬಾಯಿಗೆ ಸೆರಗು ಬಿಗಿದುಕೊಳ್ಳುತ್ತಿದ್ದರಂತೆ. ಸೆರಗು ದಾಟಿ, ಜರಡಿಗಳ ಗದ್ದಲ ದಾಟಿ, ಗೆಳತಿಯ ಕಿವಿಗೆ ಮಾತು ಮುಟ್ಟಬೇಕಾದರೆ ಗಂಟಲು ತೆರೆಯಲೇಬೇಕು. ಸಂಜೆ ಸೆರಗು ಬಿಚ್ಚಿ ಮನೆಗೆ ಬಂದರೂ ಗಂಟಲು ವಖಾರಿಯಲ್ಲಿಯೇ ಉಳಿಯಿತು. ಇದು ಗೊತ್ತಾಗಿಯೂ ನನ್ನ ಕಿವಿಗೇನೂ ಉಪಯೋಗವಾಗಲಿಲ್ಲ. ಅವರು ದೇವರಿಗೆ ಹೂವು ಕೇಳಿದರೂ ನನಗೆ ಜಗಳದಂತೆಯೇ ಕೇಳುತ್ತಿತ್ತು.

ಮೊದಲ ಪಂಚಮಿಗೆ ತವರಿಗೆ ಹೋದವಳು ಅವ್ವನ ಮುಂದೆ ಹಟ ಹಿಡಿದು ಕೂತೆ.

“ಯವ್ವಾ, ನಾ ತಿರುಗಿ ಹೋಗಂಗಿಲ್ಲ. ಆ ದನಿ ನನಗ ತಡಿಯಾಕ ಆಗಂಗಿಲ್ಲ.”

ಅವ್ವ ಉಂಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಹೊಡದಾಳೇನ?”

“ಇಲ್ಲ.”

“ಉಪಾಸ ಕೆಡವ್ಯಾಳೇನ?”

“ಇಲ್ಲ. ತಾನ ಬಡಸ್ತಾಳ. ಸಾಕಂದ್ರೂ ಬಿಡಂಗಿಲ್ಲ.”

“ಅಥಣಿ ಚಪ್ಪಲಿ ಹೊಸಾದ ಇದ್ದಾಗ ಕಡಿತಾವ ಇಲ್ಲಬೇ? ಎಣ್ಣಿ ಹಚ್ಚಿ ನಾಕ್ ದಿನಾ ಮೆಟ್ಟತೀವಿ. ಆಮ್ಯಾಲ ಬಿಟ್ಟಿರಾಕ ಆಗಂಗಿಲ್ಲ. ಮೆತ್ತಗಾಗಿದ್ದ ಚಪ್ಪಲಿನೋ ಕಾಲೋ, ಯಾರ ನೋಡ್ಯಾರ?”

ನನಗೆ ಸಿಟ್ಟು ಬಂತು. ನಾನು ಹೇಳುವುದು ಕಿವಿಯ ಕಷ್ಟ, ಇವಳು ಹೇಳುವುದು ಕಾಲಿನ ಕತೆ. ಆದರೂ ಉಂಡಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಬಸ್ಸು ಎಲ್ಲಾದರೂ ಕೆಟ್ಟು ನಿಂತರೆ ಒಳ್ಳೆಯದಿತ್ತು ಅಂದುಕೊಳ್ಳುತ್ತ ಬಂದೆ. ಬೇಕಾದಾಗ ಕೆಡುವ ಬಸ್ಸು ಯಾರಿಗೆ ಸಿಕ್ಕಿದೆ ಹೇಳಿ.

ಆ ದನಿ ಯಾವಾಗ ಹದಕ್ಕೆ ಬಂತೋ ನನಗೆ ಗೊತ್ತಿಲ್ಲ. ಬಂದಿದೆ ಎಂದು ಗೊತ್ತಾದ ದಿನ ಮಾತ್ರ ನೆನಪಿದೆ. ಆತ್ಯಾಬಾಯಿ ಜುಗೂಳದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ಕೃಷ್ಣೆ ಏರಿ ದಾರಿ ಬಂದ್ ಆಯಿತು. ಅವರು ಅಲ್ಲೇ ಸಿಕ್ಕಿಕೊಂಡರು. ಮೊದಲೆರಡು ದಿನ ನಾನು ಹಬ್ಬ ಮಾಡಿದೆ. ಆಮೇಲೆ ಮನೆ ವಿಚಿತ್ರವಾಗತೊಡಗಿತು. ಹಾಲು ಉಕ್ಕಿದರೆ ಯಾರೂ ಕೂಗುವುದಿಲ್ಲ. ಬಾಗಿಲು ಹಾಕದೆ ಮಲಗಿದರೂ ಯಾರೂ ಬಯ್ಯುವುದಿಲ್ಲ. ಪಾತ್ರೆ ತೊಳೆಯುತ್ತ ಕೂತವಳು ಮಧ್ಯೆ ಮಧ್ಯೆ ನಲ್ಲಿ ನಿಲ್ಲಿಸಿ ಆಲಿಸುತ್ತಿದ್ದೆ, ಯಾವುದನ್ನು ಎಂದು ನನಗೇ ತಿಳಿಯದೆ. ನೀರಿಳಿದು ಅವರು ಬಂದ ದಿನ ಓಣಿಯ ಆ ತುದಿಯಲ್ಲಿ ರಿಕ್ಷಾದವನ ಜೊತೆ ಚೌಕಾಶಿ ಮಾಡುವ ಧ್ವನಿ ಕೇಳಿತು. ಒದ್ದೆ ಕೈಯಲ್ಲೇ ಓಡಿದೆ. ಅವರನ್ನು ಕಂಡು ಅಷ್ಟು ಖುಷಿಯಾಗುತ್ತದೆಂದು ನಾನು ಎಣಿಸಿರಲಿಲ್ಲ.

ಆಮೇಲಾಮೇಲೆ ನನ್ನೊಳಗೆ ಒಂದು ಹೆಮ್ಮೆ ಬೆಳೆಯಿತು. ಆತ್ಯಾಬಾಯಿಯನ್ನು ಮೆತ್ತಗೆ ಮಾಡಿದವಳು ನಾನೇ ಎಂಬ ಹೆಮ್ಮೆ. ಕನ್ನಡ ಕಲಿಸುವವಳ ಸಹವಾಸ, ದನಿ ಇಳಿಯದೆ ಇದ್ದೀತೇ? ಒಮ್ಮೆ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಗ ಹೇಳಿಯೂ ಬಿಟ್ಟೆ.

“ಆತ್ಯಾಬಾಯಿ, ಮೊದಲ ನೀವು ಭಾಳ ಜೋರ ಇದ್ರಿ. ಈಗ ಎಷ್ಟ ಮೆತ್ತಗಾಗೀರಿ ನೋಡ್ರಿ.”

ಅಷ್ಟು ಹೊತ್ತಿಗೆ ಅವರಿಗೂ ನನ್ನ ಕನ್ನಡ ಅಂಟಿತ್ತು. “ಮೀ? ನಾನ?” ಎಂದು ಕಣ್ಣರಳಿಸಿದರು. “ನಾ ಹೆಂಗ ಇದ್ನಿ ಹಂಗ ಅದೀನಿ. ನೀನ ಬಂದಾಗ ಉದ್ದ ಮಾರಿ ಮಾಡ್ಕೊಂಡ ಕುಂದರತಿದ್ದಿ.” ಮುದುಕಿಯರು ತಾವು ಬದಲಾದದ್ದನ್ನು ಎಲ್ಲಿ ಒಪ್ಪುತ್ತಾರೆ ಎಂದು ನಾನು ಒಳಗೊಳಗೇ ನಕ್ಕೆ.

ಇಂಥವೆಲ್ಲ ಅರೆನಿದ್ದೆಯಲ್ಲಿ ಬಂದು ಹೋಗುತ್ತಿರಲು ಕೊಡದ ವಾರ ಮುಗಿಯಿತು. ಸಂಜೆ ಹೆಡ್‌ಫೋನ್ ನನ್ನ ಕಿವಿಗೆ ಹಾಕಿ ನೋಡಿದೆ. ತಾಳ ಹಲ್ಲಿಗೆ ತಾಗಲಿಲ್ಲ. ಹಾಡುವವನ ಗಂಟಲಿನ ಕೆಳಗೊಂದು ಎದೆ ಇರುವುದು ಗೊತ್ತಾಯಿತು. “ಬಿಚ್ಚೇತ್ರಿ!” ಎಂದು ಕೂಗಿದೆ. ನಮ್ಮವರೂ ಹಾಕಿಕೊಂಡು ನೋಡಿದರು. “ಹೆಂಗ ಇತ್ತ ಹಂಗ ಐತಿ. ನಿನಗ ಬೇಕಾಗಿತ್ತು, ಕೇಳಿಸ್ತು” ಎಂದರು. ಕೊಡವನ್ನು ಸಾಕ್ಷಿಗೆ ಕರೆಯುವ ಹಾಗಿರಲಿಲ್ಲ.

ಅಂಜುತ್ತಲೇ ಆತ್ಯಾಬಾಯಿಯ ತಲೆಯ ಸೆರಗು ಸರಿಸಿ ಹೆಡ್‌ಫೋನ್ ಇಟ್ಟೆ. ಮನೆಯ ಹಳೆಯ ಫೋನಿನಲ್ಲಿ ಭಜನೆ ಹಚ್ಚಿ ಸದ್ದನ್ನು ತುದಿಯವರೆಗೆ ಏರಿಸಿದೆ. ಅವರು ಕಣ್ಣು ಮುಚ್ಚಿದರು. ಈ ಸಲ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮೊಣಕಾಲ ಮೇಲೆ ಬೆರಳು ತಾಳ ಹಾಕತೊಡಗಿತು. ನಾನು ಅವರ ಮುಂದೆ ಕೂತು, ಕೈ ತಿರುಗಿಸಿ, ಹೇಗಿದೆ ಎಂದು ಸನ್ನೆಯಲ್ಲಿ ಕೇಳಿದೆ.

ಅವರು ಕಣ್ಣು ತೆರೆದು ನನ್ನ ಕೈಯನ್ನೇ ನೋಡಿದರು. ಆಮೇಲೆ, ಕಿವಿಯ ತುಂಬ ತಾಳ ಮೃದಂಗ ಮೊಳಗುತ್ತಿರುವಾಗ ಅದನ್ನು ದಾಟಿ ನನಗೆ ಮುಟ್ಟಬೇಕೆಂದು, ಗಂಟಲು ಪೂರ್ತಿ ತೆರೆದು ಕೂಗಿದರು:

“ಅಗ, ಕೈ ಯಾಕ ತಿರುವತಿ? ಬಾಯಿ ಇಲ್ಲೇನ? ನಾ ಅಂಥಾದ್ದೇನ ಮಾಡೀನಿ? ಎಲ್ಲಾರೂ ನನ್ನ ಕೂಡ ಮಾತ ಯಾಕ ಬಿಟ್ಟೀರಿ?”

ಹಿತ್ತಲಲ್ಲಿದ್ದ ನಮ್ಮವರು ಗಾಬರಿಯಾಗಿ ಒಳಗೆ ಬಂದರು. ನಾನು ಕೂತಲ್ಲೇ ಕೂತಿದ್ದೆ. ಅದು ಹೊಸ್ತಿಲಲ್ಲಿ ನನ್ನನ್ನು ಅಳಿಸಿದ ಅದೇ ಧ್ವನಿ. ಅದೇ ತಗಡು, ಅದೇ ಬಿರುಸು, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅಂಗಳದಲ್ಲಿ ಅವರು ಹೇಳಿದ್ದು ಖರೆ. ಅವರನ್ನು ಯಾರೂ ಮೆತ್ತಗೆ ಮಾಡಿರಲಿಲ್ಲ. ನಾನೇ ಅವರಿಗೆ ಒಗ್ಗಿದ್ದೆ, ಒಗ್ಗಿ ಒಗ್ಗಿ ಅವರ ಮೌನಕ್ಕೂ ಒಗ್ಗಿಬಿಟ್ಟಿದ್ದೆ. ಅವರು ಮಾತು ಬಿಟ್ಟರೆಂದು ನಾವು ತಿಳಿದಿದ್ದೆವು, ನಾವು ಬಿಟ್ಟೆವೆಂದು ಅವರು. ನನಗೆ ಅಳು ಬಂತು, ಅದರ ಜೊತೆಗೇ ಬಹಳ ಸಂತೋಷವೂ ಆಯಿತು.

ಏನೆಂದು ಉತ್ತರ ಕೊಡಲಿ? ಕೊಟ್ಟರೂ ಅವರಿಗೆ ಕೇಳಿಸುವುದಿಲ್ಲ. ಆಗ ನಮ್ಮವರು, ಆ ಹೆಡ್‌ಫೋನಿನಲ್ಲಿ ಏನೂ ಬದಲಾಗಿಲ್ಲ ಎಂದ ಅದೇ ಮನುಷ್ಯ, ಜೇಬಿನಿಂದ ತಮ್ಮ ಫೋನು ತೆಗೆದು ನನ್ನ ಕೈಗಿಟ್ಟು ಅಡಿಗೆಮನೆಯ ಕಡೆ ತೋರಿಸಿದರು. ತಾವು ತಾಯಿಯ ಪಕ್ಕದಲ್ಲಿ, ಹಳೆಯ ಫೋನಿನ ಹತ್ತಿರ ಕೂತರು.

ನಾನು ಅಡಿಗೆಮನೆಯಿಂದ ನಡುಮನೆಗೆ ಫೋನು ಮಾಡಿದೆ. ನಮ್ಮವರು ಗುಂಡಿ ಒತ್ತಿದರು. ಭಜನೆ ನಿಂತಿತು.

“ಆತ್ಯಾಬಾಯಿ.”

“ಕೋಣ್? ಯಾರ?” ಎಂದರು, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ.

“ನಾನ್ರಿ. ನಿಮ್ಮ ಸೊಸಿ.”

ಗೋಡೆಯಾಚೆಯಿಂದಲೂ ಫೋನಿನಿಂದಲೂ ಒಟ್ಟಿಗೆ ಬಂತು, ಬೆಲ್ಲದ ಒಂದು ಹರಳೂ ಬೆರೆಸದ ಆ ದನಿ:

“ಅಗ, ಇಷ್ಟ ದಿವಸ ಎಲ್ಲಿ ಹೋಗಿದ್ದಿ?”

ನಾನು ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕೂತು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ.