ಸರ್ ಹೇಳದ ಮಾತು

ನಿನ್ನ ಕಥೆಯಲ್ಲಿ ಜೀವವಿಲ್ಲವೆಂದು ನಿಮ್ಮ ಸೆಲ್ವಂ ಸರ್ ಹೇಳಲೇ ಇಲ್ಲ, ನಿಧಿ. ಹೇಳಿದವಳು ನಾನು — ಅವರ ಹೆಸರಿನಲ್ಲಿ.

ಆಗ ನೀನು ಇಲ್ಲೇ, ಈ ಪರದೇಶದ ಸುಬಾಂಗ್ ಜಯಾದ ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದೆ. ಕೊನೆಯ ವರ್ಷದ ಕಿರುಚಿತ್ರಕ್ಕೆಂದು ನಮ್ಮ ಮಾರುಕಟ್ಟೆಯಲ್ಲಿ ಮೀನು ತೊಳೆಯುವ ನಿರಾಶ್ರಿತ ಹೆಂಗಸಿನ ಕಥೆ ಬರೆದಿದ್ದೆ. ಕಾಗದಪತ್ರ ಕೇಳಲು ಪೊಲೀಸರು ಬಂದಾಗ ಅವಳು ಐಸ್ ಪೆಟ್ಟಿಗೆಗಳ ಹಿಂದೆ ಕೂತು, ಸದ್ದಾಗದಂತೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುವುದು — ಅದನ್ನು ನಾನು ಎರಡು ಸಲ ಓದಿದ್ದೆ. ಸರ್ ನನಗೇ ಫೋನ್ ಮಾಡಿದರು. ಇಂಥದ್ದನ್ನು ತಮ್ಮ ಕ್ಲಾಸಿನಲ್ಲಿ ಯಾರೂ ಬರೆದಿಲ್ಲ ಎಂದರು. ವಿಷಯ ಸ್ವಲ್ಪ ಸೂಕ್ಷ್ಮ, ಮನೆಯವರ ಅಭ್ಯಂತರವಿಲ್ಲವಷ್ಟೇ, ಎಂದು ಕೇಳಿದರು.

ನಿನ್ನ ಅಪ್ಪನ ಕೆಲಸದ ಪರವಾನಗಿ ಆಗ ನವೀಕರಣಕ್ಕೆ ಹೋಗಿತ್ತು; ನಿನ್ನ ಚಿತ್ರ ಯಾರ ಕಣ್ಣಿಗಾದರೂ ಬಿದ್ದು ಅದು ನಿಂತುಹೋದೀತೆಂದು ಹೆದರಿದೆ. ಪರರ ಮನೆಯಲ್ಲಿ ಕಾಫಿ ಕಪ್ಪನ್ನೂ ಸದ್ದಾಗದಂತೆ ಇಡಬೇಕೆಂದು ಚಿಕ್ಕಂದಿನಲ್ಲಿ ನನಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು, ಹಾಗಾಗಿ... ಬೇಡ, ಅವರ ಮೇಲೇಕೆ ಹೊರಿಸಲಿ.

ಸಂಜೆ ನೀನು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದೆ.

"ಸರ್ ಫೋನ್ ಮಾಡಿದ್ರು ಕಣೇ. ಕಥೇಲಿ ಜೀವ ಇಲ್ವಂತೆ. ಅಮೆರಿಕನ್ ಹೀರೋ ಪಿಕ್ಚರ್ ಥರ ಏನಾದ್ರೂ ಮಾಡ್ಬೇಕಂತೆ."

"ಸರ್ ಹಾಗಂದ್ರಾ?" ನೀನು ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿದೆ. "ಓಕೆ ಲಾ, ಅಮ್ಮ," ಎಂದೆ, ಇಲ್ಲಿಯ ಹುಡುಗರಂತೆ 'ಲಾ' ಸೇರಿಸಿ.

ಅವಮಾನಕ್ಕೆ ನೀನು ಅವರನ್ನು ಕೇಳಲಿಲ್ಲ. ನಿಧಿಯೇ ಮನಸ್ಸು ಬದಲಿಸಿದ್ದಾಳೆ, ಅವಳನ್ನು ಏನೂ ಕೇಳಬೇಡಿ ಎಂದು ನಾನು ಅವರಿಗೂ ಹೇಳಿಬಿಟ್ಟಿದ್ದೆ.

ಮುಖವಾಡದ ಹುಡುಗ ಕಟ್ಟಡಗಳ ಮೇಲೆ ಹಾರುವ ನಿನ್ನ ಚಿತ್ರಕ್ಕೆ ಬಹುಮಾನ ಬಂತು. ಅದನ್ನು ನೋಡಿಯೇ ಬಾಂಗ್ಸಾರಿನ ಸ್ಟುಡಿಯೊ ನಿನ್ನನ್ನು ಕರೆಯಿತು. ಈಗ ಅಲ್ಲಿ ಕೂತು ಅಮೆರಿಕದ ಚಿತ್ರಗಳನ್ನು ತಿದ್ದುತ್ತೀಯ. ಕಳೆದ ತಿಂಗಳೆಲ್ಲ ಒಬ್ಬ ಸೈನಿಕನ ಜಾಕೆಟ್ಟಿನ ಮೇಲಿನ ಬಾವುಟ ಅಳಿಸಿದೆ — ಅದನ್ನು ಕಂಡರೆ ಯಾವುದೋ ದೇಶ ಚಿತ್ರದ ಬಿಡುಗಡೆಗೇ ಒಪ್ಪುವುದಿಲ್ಲವಂತೆ. ಆ ಚಿತ್ರದ್ದು ಇದು ಐದನೇ ಭಾಗ, ಅದೇ ಸೈನಿಕ, ಅದೇ ಸ್ಫೋಟ. ವೈರಿ ಯಾವ ದೇಶದವನೆಂದು ಮಾತ್ರ ಯಾರೂ ಹೇಳುವುದಿಲ್ಲ.

"ಹಾಲಿವುಡ್‌ನೋರ ತಲೆ ಖಾಲಿ ರೀ. ನಿನ್ನೆ ಸಾರನ್ನೇ ಬಿಸಿ ಮಾಡಿ ಬಡಿಸ್ತಾರೆ," ಎಂದು ಇಲ್ಲಿಯ ಕನ್ನಡ ಸಂಘದ ಹೆಂಗಸರು ನಗುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆದರೆ ಅಲ್ಲಿಯೂ ಯಾರೋ ಒಬ್ಬರು ಹೊಸ ಕಥೆಯನ್ನು ಓದಿ, ಮೆಚ್ಚಿ, ಹೆದರಿ — ಬಹಳ ಮೆದುವಾಗಿ ಬೇಡ ಎಂದಿರಬೇಕು.

ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದೆ. "ನಿಂದೇ ಒಂದು ಕಥೆ ಬರಿಯೇ," ಎಂದೆ. ನೀನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಐ ಕಾಂಟ್ ಲಾ, ಅಮ್ಮ. ಸರ್ ಆಗ್ಲೇ ಹೇಳಿದ್ರಲ್ಲ."

ಸರ್ ಹೋದ ವರ್ಷ ತೀರಿಕೊಂಡರು. ಅವರು ಹಾಗೆ ಹೇಳಲಿಲ್ಲವೆಂದು ಬಲ್ಲವಳು ಇನ್ನು ನಾನೊಬ್ಬಳೇ. ಆ ಹೊತ್ತಿನಲ್ಲಿ ಕೂಡ ನಾನು — ಇನ್ನೊಂದು ಸೌಟು ಪಲ್ಯ ಬಡಿಸಿದೆ.

ಈ ಭಾನುವಾರ ತಟ್ಟೆ ಇಡುವ ಮೊದಲು ಹೇಳುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ.